ಹಿಟ್ಟು ಉಬ್ಬಿಸುವ ಆಂಪ್ಲಿಫೈಯರ್

ದೋಸೆ ಹಿಟ್ಟು ಉಬ್ಬಲು ಸೆಖೆ ಬೇಕು. ಕಾರಿನ ಬಾನೆಟ್ಟಿನ ಮೇಲೆಯೇ ದೋಸೆ ಹುಯ್ಯಬಹುದಾದಷ್ಟು ಸೆಖೆಯಿರುವ ದುಬೈಯಲ್ಲಿ, ಮನೆಯೊಳಗೆ ಮಾತ್ರ ಏಸಿಯ ಕೃಪೆಯಿಂದ ಹಿಟ್ಟು ಕಂಬಳಿ ಕೇಳುತ್ತದೆ. ಮಿರ್ದಿಫಿನ ನಮ್ಮ ಫ್ಲಾಟಿನಲ್ಲಿ ಈವರೆಗೆ ಉಬ್ಬಿದ್ದೆಂದರೆ ನನ್ನ ಹೊಟ್ಟೆ ಮತ್ತು ನಾನು ಸಂಗೀತಗಾರನೆಂಬ ಅಹಂಕಾರ, ಇವೆರಡೇ.

ಅಹಂಕಾರಕ್ಕೆ ಆಧಾರವಾಗಿ ಒಂದು ಪೆಟ್ಟಿಗೆಯಿದೆ. ಹಳೆಯ ರಾಕ್ ಹಾಡುಗಳನ್ನು ನುಡಿಸುವ ನಮ್ಮ ಬ್ಯಾಂಡಿನಲ್ಲಿ ನಾನು ಗಿಟಾರ್ ಹಿಡಿಯುವವನು. ಆ ಕಾಲದ ನಾದ ಬೇಕಾದರೆ ಆ ಕಾಲದ ಆಂಪ್ಲಿಫೈಯರೇ ಬೇಕೆಂಬ ಮಾತನ್ನು ವೇದವಾಕ್ಯವಾಗಿ ನಂಬಿ, ಗಂಟುಮೂಟೆ ಕಟ್ಟುತ್ತಿದ್ದ ಇಂಗ್ಲಿಷ್ ಮುದುಕನೊಬ್ಬನಿಂದ ಕೊಂಡ ವಾಲ್ವ್ ಆಂಪ್ಲಿಫೈಯರ್ ಅದು. ಒಳಗೆ ಹಳೆಯ ರೇಡಿಯೋದಲ್ಲಿದ್ದಂಥ ಗಾಜಿನ ಬುರುಡೆಗಳು ಕೆಂಡದಂತೆ ಹೊಳೆಯುತ್ತವೆ. ಕ್ರೀಡಾಂಗಣ ತುಂಬುವಷ್ಟು ಶಬ್ದ ಅದರ ಹೊಟ್ಟೆಯಲ್ಲಿದೆಯಾದರೂ, ಗುಂಡಿಯನ್ನು ಒಂದರಿಂದ ಮೇಲೆ ತಿರುಗಿಸಿದರೆ ವಾಚ್‌ಮನ್ ಬಾಗಿಲು ಬಡಿಯುತ್ತಾನೆ. ಒಂದರಲ್ಲೇ ಇಟ್ಟರೆ ಗಿಟಾರಿಗಿಂತ ಪೆಟ್ಟಿಗೆಯದೇ ಗುಂಯ್‌ಕಾರ ಜೋರಾಗಿ ಕೇಳುತ್ತದೆ. ಎರಡನ್ನೂ ಕೇಳಿದವರು ಗುಂಯ್‌ಕಾರವೇ ವಾಸಿ ಎಂದಿದ್ದಾರೆ.

ಹೀಗಿರುವಾಗ ಮೈಸೂರಿನಿಂದ ಅತ್ತೆ ಬಂದರು. ಬೀದಿಯ ಮಕ್ಕಳಿಗೆಲ್ಲ ಸಂಗೀತ ಕಲಿಸಿದ ಅವರು, ಗಂಟಲಿನ ಆಪರೇಷನ್ ಆದ ಮೇಲೆ ಒಂದು ಸ್ವರವನ್ನೂ ಎತ್ತಿರಲಿಲ್ಲ. ಹಾಡಬಹುದೆಂದು ಡಾಕ್ಟರು ಹೇಳಿದ್ದರೂ, ಬಾಯಿ ತೆರೆದರೆ ಬೇರೆ ಯಾರದೋ ದನಿ ಬಂದೀತೆಂಬ ಭಯ. ಜಾಗ ಬದಲಾದರೆ ಮನಸ್ಸೂ ಬದಲಾದೀತೆಂದು ಕರೆಸಿಕೊಂಡವಳು ನನ್ನ ಹೆಂಡತಿ ಸ್ಮಿತಾ. ಮೊದಲ ದಿನವೇ ಮೊಬೈಲಿನಲ್ಲಿ ಶ್ರುತಿ ಹಾಕಿ ಮುಂದಿಟ್ಟಳು. ಅತ್ತೆ ಮೊಬೈಲನ್ನು ನಯವಾಗಿ ಮಗುಚಿಟ್ಟು, ಹುರುಳಿಕಾಯಿ ಹೆಚ್ಚಲು ಕೂತರು.

ಒಂದು ದಿನ ನನ್ನ ಸಾಧನೆ ಮುಗಿದ ಮೇಲೆ ಅವರು ಪೆಟ್ಟಿಗೆಯ ಮೇಲೆ ಕೈಯಿಟ್ಟರು.

"ಎಷ್ಟು ಬೆಚ್ಚಗಿದೆ ಅಳಿಯಂದ್ರೆ! ಹಿಟ್ಟಿನ ಪಾತ್ರೆ ಇಡಲಾ?"

"ಅತ್ತೆ, ಅದು ತುಂಬಾ... ಅಂದ್ರೆ ರಾಕ್ ಇತಿಹಾಸದಲ್ಲಿ..."

"ತಟ್ಟೆ ಮುಚ್ಚಿಡ್ತೀನಿ ಬಿಡಿ."

ಹಿಟ್ಟು ಉಬ್ಬಿತು. ಅಲ್ಲಿಂದ ಮುಂದೆ ಮಧ್ಯಾಹ್ನವಾದರೆ ಪೆಟ್ಟಿಗೆ ಆನ್. ನನ್ನ ಕಲೆಗಾಗಿ ಅಲ್ಲ, ನಾಳೆಯ ದೋಸೆಗಾಗಿ.

ಒಂದು ಸಂಜೆ ಆಫೀಸಿನಿಂದ ಬಂದು ಬಾಗಿಲು ತೆರೆದರೆ, ಅತ್ತೆ ಬೆನ್ನು ಹಾಕಿ ಪೆಟ್ಟಿಗೆಯ ಮುಂದೆ ಕೂತು ಹುರುಳಿಕಾಯಿ ಹೆಚ್ಚುತ್ತಿದ್ದಾರೆ. ಗುಂಯ್‌ಕಾರಕ್ಕೆ ಒರಗಿಕೊಂಡಂತೆ ಸಣ್ಣದೊಂದು ದನಿ ಕೇಳುತ್ತಿದೆ. ಅಡುಗೆಮನೆಯ ಬಾಗಿಲಲ್ಲಿ ಸ್ಮಿತಾ, ತುಟಿಯ ಮೇಲೆ ಬೆರಳು, ಕಣ್ಣಲ್ಲಿ ನೀರು. ಜನ್ಮದಲ್ಲಿ ಮೊದಲ ಬಾರಿಗೆ ನಾನು ಸಮಯಕ್ಕೆ ಸರಿಯಾಗಿ ಬಾಯಿ ಮುಚ್ಚಿ, ಕಳಚಿದ ಬೂಟನ್ನು ಕೈಯಲ್ಲೇ ಹಿಡಿದು ನಿಂತೆ.

ಇಲ್ಲಿಗೇ ನಿಂತಿದ್ದರೆ ಅದು ನಾನಾಗುತ್ತಿರಲಿಲ್ಲ. ದುಬೈಯದೇ ಊದ್ ಮೇಥಾ ಬಡಾವಣೆಯಲ್ಲೊಂದು ಕಾರ್ಯಕ್ರಮ ಒಪ್ಪಿಕೊಂಡಿದ್ದೆವು. ನಮ್ಮ ಡ್ರಮ್ಮರ್ ಇಸ್ಮಾಯಿಲ್, ಉಪ್ಪಿನಂಗಡಿಯವನು, ರಿಹರ್ಸಲ್ಲಿನಲ್ಲಿ ಕಡ್ಡಿಗಳನ್ನು ಕೆಳಗಿಟ್ಟ. "ಎಂತ ಮಾರಾಯ, ಪೆಟ್ಟಿಗೆಯೊಳಗೆ ಜೇನು ಸಾಕಿದ್ದೀಯಾ?" ಗುರುತಿನ ರಿಪೇರಿಯವನ ಹತ್ತಿರ ತಾನೇ ಒಯ್ದು ಸರಿಮಾಡಿಸಿ ತಂದ. "ಖಲಾಸ್! ಜೇನು ಹಾರಿತು."

ಕಾರ್ಯಕ್ರಮದಲ್ಲಿ ನನ್ನ ತಪ್ಪು ಸ್ವರಗಳೆಲ್ಲ ಮೊದಲ ಬಾರಿಗೆ ಶುಭ್ರವಾಗಿ, ಸ್ಫುಟವಾಗಿ ಎಲ್ಲರಿಗೂ ಕೇಳಿಸಿದವು.

ಮರುದಿನ ಅತ್ತೆ ಪಾತ್ರೆಯಿಟ್ಟು ಸ್ವಿಚ್ ಹಾಕಿದರು. ಬುರುಡೆಗಳು ಹೊಳೆದವು. ಸದ್ದಿಲ್ಲ.

"ಇದಕ್ಕೇನಾಯ್ತು ಅಳಿಯಂದ್ರೆ?"

"ರಿಪೇರಿ ಮಾಡಿಸಿದೆ ಅತ್ತೆ! ಇನ್ನು ಒಂಚೂರೂ ಕಿರಿಕಿರಿಯಿಲ್ಲ."

"ಓ... ಒಳ್ಳೇದಾಯ್ತು ಬಿಡಿ."

ಹುರುಳಿಕಾಯಿ ಮುಗಿಯಿತು, ಹಿಟ್ಟು ಉಬ್ಬಿತು, ದನಿ ಬರಲಿಲ್ಲ. ಮಾರನೆಯ ಸಂಜೆಯೂ ಬರಲಿಲ್ಲ. ಸ್ಮಿತಾ ನನ್ನನ್ನು ನೋಡಿದ ರೀತಿಯನ್ನು ಮದುವೆಯಾದವರಿಗೆ ವಿವರಿಸಬೇಕಿಲ್ಲ. ಆಗದವರಿಗೆ ವಿವರಿಸಿ ಹೆದರಿಸುವ ಇಚ್ಛೆಯೂ ನನಗಿಲ್ಲ. ಮೊಬೈಲಿನ ಶ್ರುತಿ ಹಾಡು ಹಾಡು ಎಂದು ಅತ್ತೆಯನ್ನು ಕಾಡುತ್ತಿತ್ತು. ನನ್ನ ಪೆಟ್ಟಿಗೆ ಏನನ್ನೂ ಕೇಳದೆ, ತನ್ನ ಪಾಡಿಗೆ ತಾನು ಗುಂಯ್‌ಗುಡುತ್ತ ಜೊತೆಗಿತ್ತು. ನಾನು ಆ ಜೊತೆಯನ್ನೇ ರಿಪೇರಿ ಮಾಡಿಸಿದ್ದೆ.

ಇಸ್ಮಾಯಿಲನಿಗೆ ಫೋನ್ ಮಾಡಿ ಜೇನು ವಾಪಸ್ ಬೇಕೆಂದೆ.

"ನಿನಗೆ ತಲೆ ಸರಿ ಉಂಟಾ?" ಎಂದವನು, ವಿಷಯ ಕೇಳಿದ ಮೇಲೆ ಉಪಾಯ ಹೇಳಿದ. "ಗಿಟಾರಿನ ವಯರನ್ನು ಪೆಟ್ಟಿಗೆಗೆ ಚುಚ್ಚು. ಗಿಟಾರ್ ಬೇಡ. ವಯರಿನ ಆಚೆ ತುದಿಗೆ ಹೆಬ್ಬೆರಳು ಒತ್ತಿ ಕೂತ್ಕೋ. ಬೆರಳು ಇರುವಷ್ಟು ಹೊತ್ತು ಜೇನು ಇರುತ್ತದೆ."

"ಅಷ್ಟೇಯಾ?"

"ಅಷ್ಟೇ. ನೀನು ನುಡಿಸುವುದಕ್ಕಿಂತ ಚಂದ ಉಂಟು. ಯಲ್ಲಾ, ಹೋಗು."

ಆ ಸಂಜೆ ವಯರು ಪರೀಕ್ಷಿಸುವವನ ಮುಖ ಹೊತ್ತು, ನೆಲದ ಮೇಲೆ ಕೂತು, ತುದಿಗೆ ಹೆಬ್ಬೆರಳು ಒತ್ತಿದೆ. ಗುಂಯ್... ಅತ್ತೆಯ ಚಾಕು ನಿಂತಿತು. ಅವರು ನನ್ನತ್ತ ನೋಡಲಿಲ್ಲ, ನಾನೂ ಅವರತ್ತ ನೋಡಲಿಲ್ಲ.

"ಆಪರೇಷನ್ನಿಗೆ ಮುಂಚೆ ನಾನು ಹಾಡ್ತಿದ್ದ ಶ್ರುತಿಗಿಂತ ತಗ್ಗು," ಎಂದರು ತಮಗೇ ಎಂಬಂತೆ. "ಈಗ ಇದೇ ಸರಿ."

ದನಿ ಹೊರಟಿತು. ಒಂದು ಕಡೆ ಒಡೆಯಿತು. ಅತ್ತೆ ಹಿಂದಕ್ಕೆ ಬಂದು, ಅದೇ ಜಾಗವನ್ನು ಮೆಲ್ಲಗೆ ಮತ್ತೆ ದಾಟಿದರು. ನನ್ನ ಸಂಗೀತ ಜೀವನದಲ್ಲಿ ನಾನು ತಪ್ಪಿಲ್ಲದೆ ನುಡಿಸಿದ ಮೊದಲ ಸ್ವರ ಹೆಬ್ಬೆರಳಿನ ಆ ಗುಂಯ್‌ಕಾರವೇ ಇರಬೇಕು. ಅಷ್ಟರಲ್ಲಿ ಮೂಗಿನ ತುದಿಯಲ್ಲಿ ತುರಿಕೆ ಶುರುವಾಯಿತು.

"ಕೈ ತೆಗೀಬೇಡಿ ಅಳಿಯಂದ್ರೆ."

ತೆಗೆಯಲಿಲ್ಲ. ಪೆಟ್ಟಿಗೆಯ ಮೇಲೆ ಹಿಟ್ಟು ಸದ್ದಿಲ್ಲದೆ ಉಬ್ಬುತ್ತ, ಮುಚ್ಚಿದ ತಟ್ಟೆಯನ್ನು ಒಂದಿಷ್ಟು ಮೇಲೆತ್ತಿತ್ತು.