ವರ್ಷದೊಳಗಿನ ಮದುವೆ

ರಾಜಗೋಪಾಲನಗರದ ಆ ಓಣಿಯಲ್ಲಿ ಬೆಳಗಾಗುವುದು ಪ್ರೆಸ್ ಮಷಿನ್ನಿನ ಸದ್ದಿನಿಂದ. ಹಿಂದಿನ ಶೆಡ್ಡಿನಲ್ಲಿ ತಗಡಿನ ಮೇಲೆ ಅಚ್ಚು ಬಿದ್ದಾಗಲೆಲ್ಲ ಮರೆವ್ವನ ಬಾಡಿಗೆ ಕೋಣೆಯ ಗೋಡೆ ಸಣ್ಣಗೆ ನಡುಗುತ್ತಿತ್ತು. ಸಿಂದಗಿಯ ಕಡೆಯಿಂದ ಗಂಡನ ಜೊತೆ ಬಂದ ಹೊಸತರಲ್ಲಿ ಆ ಸದ್ದಿಗೆ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ. ಈಗ ಅದು ನಿಂತ ಭಾನುವಾರಗಳೇ ಕಷ್ಟ.

ಗಂಡ ಚನಬಸಪ್ಪ ಪೀಣ್ಯದ ಒಂದು ಸರ್ಕಾರಿ ಕಚೇರಿಯಲ್ಲಿ ಜವಾನ. ಬಹಳ ಕಾಲ ದಿನಗೂಲಿಯಾಗಿದ್ದು, ತಲೆ ನೆರೆತ ಮೇಲೆ ಕಾಯಂ ಆದವನು. ಆದೇಶ ಬಂದ ದಿನ ಮೈಸೂರುಪಾಕಿನ ಪೊಟ್ಟಣ ಹಿಡಿದು ಬಂದು, "ಇನ್ನ ನಾ ಡಿ ಗುಂಪಿನಾಂವ" ಎಂದಿದ್ದ.

"ಅದಕ್ಕಿಂತ ಕೆಳಗ ಯಾವುದೈತಿ?" ಎಂದು ಮರೆವ್ವ ಕೇಳಿದ್ದಳು.

"ಇಷ್ಟು ದಿನ ನಾ ಇದ್ನಲ್ಲ, ಅದು. ಅದಕ್ಕ ಅಕ್ಷರಾನೇ ಕೊಟ್ಟಿಲ್ಲ."

೨೦೧೧ರ ಮಳೆಗಾಲದಲ್ಲಿ, ಕಡತ ಹೊತ್ತು ಕಚೇರಿಯ ಮೆಟ್ಟಿಲು ಹತ್ತುವಾಗ ಎದೆ ಹಿಡಿದು ಕುಳಿತವನು ಮತ್ತೆ ಏಳಲಿಲ್ಲ. ಕಾಯಂ ಆದದ್ದು ತಡವಾದ್ದರಿಂದ ಅವನ ಹಿಂದೆ ಪಿಂಚಣಿಯೂ ಇರಲಿಲ್ಲ.

ಇದ್ದವಳು ಒಬ್ಬಳೇ ಮಗಳು, ಮಹಾದೇವಿ. ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಮರೆವ್ವನ ಅಣ್ಣನ ಮಗ, ಪೀಣ್ಯದಲ್ಲೇ ಲೇತ್ ನಡೆಸುವ ಸಿದ್ರಾಮನಿಗೆ ಅವಳನ್ನು ಕೊಡುವುದೆಂದು ಮೊದಲೇ ಮಾತಾಗಿತ್ತು. ಸಾವಾದ ಮನೆಯಲ್ಲಿ ವರ್ಷ ತುಂಬುವುದರೊಳಗೆ ಮದುವೆ ಮಾಡಿದರೆ ಹೋದವರಿಗೆ ಪುಣ್ಯ, ತಪ್ಪಿದರೆ ಮೂರು ವರ್ಷ ಕಾಯಬೇಕು ಎಂದು ಊರಿನ ಹಿರಿಯರು ಹೇಳಿದರು. ಗಂಡನಿಗಾಗಿ ಮಾಡಲು ಮರೆವ್ವನಿಗೆ ಉಳಿದಿದ್ದು ಅದೊಂದೇ. ಊರಿಗೆ ಹೋಗಿ, ವಾಲಗವಿಲ್ಲದೆ, ನಾಲ್ಕು ಮಂದಿಯ ಎದುರು ಇಬ್ಬರಿಗೂ ಅಕ್ಕಿಕಾಳು ಹಾಕಿಸಿ ಕರೆತಂದಳು.

ಆಮೇಲೆ ಮಹಾದೇವಿ ಅಪ್ಪನ ಕೆಲಸ ಕೇಳಲು ಕಚೇರಿಗೆ ಹೋದಳು. ಅನುಕಂಪದ ನೌಕರಿ, ಅದಕ್ಕೂ ವರ್ಷದೊಳಗೇ ಅರ್ಜಿ ಕೊಡಬೇಕು. ಅಪ್ಪನ ಜೊತೆಗಾರ ಬೈರಪ್ಪ ಗೇಟಿನಲ್ಲೇ ಅವಳ ಕೊರಳ ತಾಳಿ ನೋಡಿ ಹಣೆ ಚಚ್ಚಿಕೊಂಡ.

"ಅಯ್ಯೋ, ಏನವ್ವಾ ಇಂಗ್ ಮಾಡ್ಕೊಂಬಿಟ್ರಿ! ಮದ್ವೆಯಾದ್ ಮಗಳಿಗೆ ಕೊಡಾಕಿಲ್ಲ. ರೂಲ್ಸು. ಗಂಡನ ಮನೆಯೋಳು ಅಂತ ಬರ್ದು ವಾಪಸ್ ಕಳಿಸ್ತಾರೆ."

"ಅವ್ವನ್ನ ನೋಡ್ಕೊಳ್ಳಾಕಿ ನಾನೇ ಅಲ್ಲೇನ್ರಿ ಕಾಕಾ?"

"ಅದ್ನ ನಂಗೇಳ್ಬೇಡ, ರೂಲ್ಸಿಗೇಳು. ನಿಮ್ಮವ್ವಂಗಾದ್ರೂ ಕೊಡ್ತಿದ್ರು, ಅದಕ್ಕೂ ಒಸಿ ಓದಿರ್ಬೇಕಲ್ಲ." ಬೈರಪ್ಪ ದನಿ ತಗ್ಗಿಸಿದ. "ಮದ್ವೆ ರಿಜಿಸ್ಟ್ರು ಮಾಡ್ಸಿಲ್ಲ ತಾನೆ? ಅದ್ನ ಬಿಚ್ಚಿಟ್ಟು ಬಾ. ಆರ್ಡರ್ ಬರೋಗಂಟ ಅಷ್ಟೇಯ."

ಮಹಾದೇವಿ ತಾಳಿ, ಕಾಲುಂಗುರ ತೆಗೆದಿಟ್ಟು, ಮದುವೆಯಾಗಿಲ್ಲವೆಂದು ಅರ್ಜಿ ಕೊಟ್ಟಳು. ಸಿದ್ರಾಮ ಬೇಡವೆನ್ನಲಿಲ್ಲ, ಲೇತಿನ ಕೆಲಸ ಇಂದು ಇದ್ದರೆ ನಾಳೆ ಇಲ್ಲವೆಂಬುದು ಅವನಿಗೂ ಗೊತ್ತಿತ್ತು. ಅವಳು ಅವ್ವನ ಕೋಣೆಗೆ ಮರಳಿದಳು. ಅವನು ರಜೆಯ ದಿನ ಬಂದು, ನೆಂಟನಂತೆ ಬಾಗಿಲ ಬಳಿ ಕುಳಿತು, ಚಹಾ ಕುಡಿದು ಹೋಗುತ್ತಿದ್ದ. ಅವನ ಚಪ್ಪಲಿ ಹೊರಗೆ ಕಾಣದಂತೆ ಒಳಗಿಡುತ್ತಿದ್ದರು.

ತಾಯಿ ಮಗಳು ಒಟ್ಟಿಗೆ ತಲೆ ಬಾಚಿಕೊಳ್ಳುವಾಗ ಕನ್ನಡಿಯಲ್ಲಿ ಎರಡು ಬರಿಗೊರಳು ಕಾಣುತ್ತಿದ್ದವು. ಒಂದು ದಿನ ಮರೆವ್ವ ಕನ್ನಡಿಯನ್ನು ಗೋಡೆಯ ಕಡೆಗೆ ತಿರುಗಿಸಿಟ್ಟಳು.

ಕೊನೆಗೆ ಕಂದಾಯ ನಿರೀಕ್ಷಕರು ಅರ್ಜಿಯ ವಿಚಾರಣೆಗೆ ಬರುವ ದಿನ ಬಂತು. ಮನೆಯ ಓನರು ರಾಮಕ್ಕ ಬೆಳಗ್ಗೆಯೇ ಬಂದು ಪಾಠ ಹೇಳಿದಳು.

"ಇಲ್ಲ ಅನ್ನು ಮರೆವ್ವ, ಮುಗೀತು. ನಾಲಿಗೆ ಏನ್ ಸವೆದೋಗಾಕಿಲ್ಲ. ನನ್ನ ಕೇಳಿದ್ರೂ ಇಲ್ಲ ಅಂತೀನಿ. ನಿನ್ ಮಗಳ ಮದ್ವೇಲಿ ನಾನೇನ್ ಉಂಡಿದ್ನಾ?"

ಮರೆವ್ವನಿಗೂ ನಗು ಬಂತು. "ಇಲ್ಲ ಅಂತೀನಿ ಬಿಡ, ರಾಮಕ್ಕ."

ನಿರೀಕ್ಷಕರು ಚಿಕ್ಕ ವಯಸ್ಸಿನವರು. ಕೊಟ್ಟ ನೀರು ಕುಡಿದು, ಹೆಸರು, ಊರು ಬರೆದುಕೊಂಡರು. ಮನಸ್ಸು ತಡೆಯದೆ ಬಂದಿದ್ದ ಸಿದ್ರಾಮ ಎದುರಿನ ಬೀಡಾ ಅಂಗಡಿಯ ಬಳಿ, ಈ ಮನೆಗೆ ಸಂಬಂಧವಿಲ್ಲದವನ ಹಾಗೆ ನಿಂತಿದ್ದ.

"ಮಗಳಿಗೆ ಮದ್ವೆ ಆಗಿದ್ಯಾಮ್ಮ?"

ಮರೆವ್ವ ಬಾಯಿ ತೆರೆದಳು. ತೆರೆದ ಬಾಗಿಲಿನಾಚೆ ಸಿದ್ರಾಮ ಅವಳನ್ನು ನೋಡಿ, ನೋಡದವನಂತೆ ಮುಖ ತಿರುಗಿಸಿಕೊಂಡ.

"ಆಗೇತ್ರಿ" ಎಂದಳು.

"ಅವ್ವಾ!"

ನಿರೀಕ್ಷಕರ ಪೆನ್ನು ನಿಂತಿತು. "ಯೋಚ್ನೆ ಮಾಡಿ ಹೇಳಿ ಅಮ್ಮ. ಇದನ್ನ ಬರ್ಕೊಂಡ್ರೆ ಕೆಲ್ಸ ಹೋದಂಗೇನೆ."

"ಬರ್ಕೋರಿ ಸಾಹೇಬ್ರ."

ಮಹಾದೇವಿ ತನ್ನ ಬರಿಗೊರಳು ಮುಟ್ಟಿ ತೋರಿಸಿದಳು. "ನಾಳೆ ನಿನಗ ಕೂಳು ಹಾಕಬೇಕಂತ ತಗದಿದ್ದೆ ಅದನ್ನ. ನಿನ್ನ ಸಲುವಾಗಿ, ಅವ್ವಾ."

ಮರೆವ್ವ ಮಗಳ ತಲೆ ಸವರಿದಳು. "ಗೊತ್ತೈತಿ ನನ್ನವ್ವ. ನಿಮ್ಮಪ್ಪ ಇಲ್ಲ, ಇಲ್ಲ ಅಂತ ಕಂಡಕಂಡ ಕಚೇರ್ಯಾಗ ಹೇಳಿ ನನ್ನ ಬಾಯಿ ಸೋತೈತಿ. ಅದು ಖರೆ ಇತ್ತು, ಹೇಳಿದೆ. ಇರಾಂವನ್ನ, ಕಣ್ಣೆದುರು ಬಿಸಿಲಾಗ ನಿಂತಾಂವನ್ನ ಇಲ್ಲ ಅಂತ ನಾನು ಹ್ಯಾಂಗ..." ಎನ್ನುತ್ತಲೇ ಸೆರಗು ಹೊದ್ದು ಹೊಸ್ತಿಲು ದಾಟಿ, ಮಾತು ಮುಗಿಸದೆ, ಬರಿಗಾಲಲ್ಲಿ ಓಣಿಗಿಳಿದು ಬೀಡಾ ಅಂಗಡಿಯ ಕಡೆಗೆ ನಡೆದಳು.