ಮದುವೆ ಮುಗಿಯುವವರೆಗೆ ತಡೆದಿಟ್ಟ ಮಾರ್ಫಿನ್

೧೯೬೨ರಲ್ಲಿ ನಾನು ದಾವಣಗೆರೆಯ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ಸಹಾಯಕ ವೈದ್ಯನಾಗಿದ್ದೆ. ಹನ್ನೆರಡು ಹಾಸಿಗೆ, ಇಬ್ಬರು ನರ್ಸ್‌ಗಳು. ಆ ಏಪ್ರಿಲ್‌ನಲ್ಲಿ ಹಿರಿಯ ವೈದ್ಯರು ಮದ್ರಾಸಿಗೆ ಹೋಗಿದ್ದರಿಂದ ತೀರ್ಮಾನವೆಲ್ಲ ನನ್ನದೇ ಆಗಿತ್ತು. ಮುಂದೆ ಹೇಳುವ ತಪ್ಪನ್ನು ಬೇರೆಯವರ ತಲೆಗೆ ಕಟ್ಟುವಂತಿಲ್ಲ.

ಒಂದು ಸೋಮವಾರ ಆನೆಕೊಂಡದ ಹಾಲವ್ವನನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿ ತಂದರು. ಅರವತ್ತರ ಆಸುಪಾಸಿನ ರೈತ ಹೆಂಗಸು. ಎದೆಯ ಗಂಟನ್ನು ಎರಡು ವರ್ಷ ಸೆರಗಿನಡಿ ಮುಚ್ಚಿಟ್ಟಿದ್ದಳು. ಅದು ಒಡೆದು ಹುಣ್ಣಾಗಿತ್ತು; ಕ್ಯಾನ್ಸರ್ ಬೆನ್ನುಮೂಳೆಗೂ ಇಳಿದಿತ್ತು. ಮಗ್ಗುಲು ಬದಲಿಸಿದರೆ ಚೀರುತ್ತಿದ್ದಳು. ನೋವು ತಗ್ಗಿಸುವುದೊಂದೇ ಉಳಿದ ಚಿಕಿತ್ಸೆ, ಅದಕ್ಕೆ ಬೇಕಾದ ಮಾರ್ಫಿನ್ ನಮ್ಮ ಬೀರುವಿನಲ್ಲಿತ್ತು.

ಆಕೆಯ ಮಗ ಬಸಪ್ಪನಿಗೆ ವಿವರಿಸಿದೆ: ಈ ಔಷಧ ನೋವನ್ನು ಅಡಗಿಸುತ್ತದೆ, ಉಸಿರಾಟವನ್ನೂ ನಿಧಾನ ಮಾಡುತ್ತದೆ. ಇಷ್ಟು ನಿತ್ರಾಣವಾದ ದೇಹದಲ್ಲಿ ಸಾವು ಒಂದೆರಡು ದಿನ ಮುಂಚೆಯೇ ಬರಬಹುದು.

ಅವನು ಬೆರಳು ಮಡಚಿ ದಿನ ಎಣಿಸಿದ. "ಹಂಗಾದ್ರೆ ಬ್ಯಾಡ್ರಿ ಸಾಹೇಬ್ರೆ. ಭಾನುವಾರ ಹರಿಹರದಾಗೆ ನನ್ನ ಮಗಳ ಮದುವಿ ಐತೆ. ಈಗ ಸಾವಾದ್ರೆ ಗಂಡಿನ ಕಡೆಯೋರು ಅಪಶಕುನ ಅಂತ ಎದ್ದು ಹೋಗ್ತಾರೆ. ಅಲ್ಲೀತನಕ ಹೆಂಗಾರ ಮಾಡಿ ಉಳಿಸ್ರಿ."

ನಾನು ಒಪ್ಪಿದೆ. ಜೀವ ಉಳಿಸುವುದೇ ವೈದ್ಯನ ಧರ್ಮ ಎಂಬ ದೊಡ್ಡ ಮಾತಿನ ಹಿಂದೆ ಅಡಗಿಕೊಂಡೆ. ಗ್ಲುಕೋಸ್ ಏರಿಸಿದೆ, ಆಸ್ಪಿರಿನ್ ಕೊಟ್ಟೆ. ಹಾಲವ್ವನನ್ನು ಒಂದು ಮಾತೂ ಕೇಳಲಿಲ್ಲ. ಗುರುವಾರ ಡ್ರೆಸ್ಸಿಂಗ್ ಬದಲಿಸುವಾಗ ಆಕೆ ನನ್ನ ಮುಂಗೈ ಹಿಡಿದಳು.

"ಯಪ್ಪಾ, ಸಾಯಾಕೆ ನಂಗೇನು ಹೆದ್ರಿಕಿಲ್ಲ. ಈ ನೋವು ಯಾಕ ಇಟ್ಟೀರಿ?"

ನರ್ಸ್ ಸರೋಜಮ್ಮ ಬಾಗಿಲ ಹೊರಗೆ ನನ್ನನ್ನು ನಿಲ್ಲಿಸಿ, "ಡಾಕ್ಟ್ರೇ, ನಮ್ಮ ಪೇಷೆಂಟ್ ಯಾರ್ರಿ? ಈಯಮ್ಮನೋ, ಮದುವಿಯೋ?" ಎಂದರು. ನಾನು ಅವರನ್ನೇ ಗದರಿದೆ.

ಭಾನುವಾರ ಮದುವೆಯಾಯಿತು. ಸೋಮವಾರ ಬೆಳಿಗ್ಗೆ ಬಸಪ್ಪ ಹೊಸ ಪಂಚೆಯುಟ್ಟು, ಬುಂದಿ ಲಾಡಿನ ಪೊಟ್ಟಣ ಹಿಡಿದು ಬಂದ. ತಾಯಿಯ ಕಡೆ ತಿರುಗಿಯೂ ನೋಡಲಿಲ್ಲ.

"ಮದುವಿ ಚಂದಾಗಿ ಆತ್ರಿ. ಇನ್ನ ಆ ಇಂಜೆಕ್ಷನ್ ಹಾಕ್ರಿ. ಒಂದೇ ಸಲಕ್ಕೆ ಜಾಸ್ತಿ ಹಾಕ್ಬಿಡ್ರಿ. ನೆಂಟ್ರೆಲ್ಲಾ ಇನ್ನೂ ಇಲ್ಲೇ ಅದಾರೆ. ಮಣ್ಣು ಮಾಡಾಕೆ ಮತ್ತೆ ಕರಿಯೋ ತಾಪತ್ರಯ ತಪ್ತದೆ."

ಅವನು ಚಾಚಿದ ಪೊಟ್ಟಣವನ್ನು ಹಿಂದಕ್ಕೆ ತಳ್ಳಿದೆ. "ಹೊರಗೆ ನಡೀರಿ. ಆ ಪೊಟ್ಟಣಾನೂ ತಗೊಂಡು ಹೋಗ್ರಿ" ಎಂದೆ.

ಆಮೇಲೆ ಮೊದಲ ಬಾರಿಗೆ ಹಾಲವ್ವನನ್ನೇ ಕೇಳಿದೆ. ಅಪಾಯವನ್ನೂ ಮುಚ್ಚಿಡಲಿಲ್ಲ. "ಹಾಕ್ರಿ, ಒಂದ್ ತಾಸು ಮಲಗ್ತೀನಿ" ಎಂದಳು. ಕಾಲು ಗ್ರೇನ್, ಅಂದರೆ ಸುಮಾರು ಹದಿನೈದು ಮಿಲಿಗ್ರಾಂ ಕೊಟ್ಟೆ. ಅರ್ಧ ಗಂಟೆಯಲ್ಲಿ ಬಿಗಿದ ಹುಬ್ಬು ಸಡಿಲಿತು. ನೋವು ಮರಳಿದಾಗ ಮಾತ್ರ, ಅಷ್ಟೇ ಪ್ರಮಾಣ ಮತ್ತೆ ಕೊಟ್ಟೆ. ಮಂಗಳವಾರ ಆಕೆ ಗಂಜಿ ಕುಡಿದು, ಮೊಮ್ಮಗಳು ಧಾರೆಗೆ ಯಾವ ಬಣ್ಣದ ಸೀರೆ ಉಟ್ಟಿದ್ದಳೆಂದು ಸರೋಜಮ್ಮನವರನ್ನು ಕೇಳಿದಳು. ಅವರಿಗೆ ಗೊತ್ತಿರಲಿಲ್ಲ; ಹಸಿರು ಎಂದರು. ಬುಧವಾರ ಮಧ್ಯಾಹ್ನ ಉಸಿರು ನಿಮಿಷಕ್ಕೆ ಎಂಟಕ್ಕೆ ಇಳಿದು, ಆಮೇಲೆ ನಿಂತಿತು.

ಹೆಣ ಒಯ್ಯಲು ಬಂದ ಬಸಪ್ಪ ಕೈಮುಗಿದ. "ಉಪಕಾರ ಆತ್ರಿ. ನಾ ಹೇಳಿದ್ದು ಮಾಡಿದ್ರಿ."

"ಇಲ್ಲ" ಎಂದೆ. ಅವನು ನಂಬಲಿಲ್ಲ. ಗುಟ್ಟು ಕಾಯುವವನಂತೆ ಮುಗುಳ್ನಕ್ಕು ಹೋದ.

ನನ್ನ ಸೂಜಿ ಆಕೆಯ ಆಯುಷ್ಯದಲ್ಲಿ ಒಂದು ದಿನ ಕಡಿಮೆ ಮಾಡಿತೋ ಏನೋ, ಹೇಳಲಾರೆ. ಮಾಡಿದ್ದರೂ ಪಶ್ಚಾತ್ತಾಪವಿಲ್ಲ. ಕೊಡದೆ ಕಳೆದ ಆ ವಾರ ನೆನೆದರೆ ಬಸಪ್ಪನಿಗಿಂತ ನನ್ನ ಮೇಲೇ ಹೆಚ್ಚು ಹೇಸಿಗೆಯಾಗುತ್ತದೆ. ಅವನೇನೂ ಡಾಕ್ಟರಾಗಿರಲಿಲ್ಲ. ನಿವೃತ್ತನಾಗುವವರೆಗೂ, ಮಾತಾಡಬಲ್ಲ ರೋಗಿಯನ್ನು ಕೇಳುವ ಮೊದಲು ಮಂಚದ ಸುತ್ತ ನಿಂತವರನ್ನು ನಾನು ಮತ್ತೆಂದೂ ಕೇಳಲಿಲ್ಲ.