ಒಣಗಿದ ಕಾಯಿಯಲ್ಲಿ ನೀರಿನ ಸದ್ದು

ಮಾನ್ಯ ಓದುಗರಲ್ಲಿ ಮೊದಲಿಗೆ ವಿನಂತಿಸಿಕೊಳ್ಳುವುದೇನೆಂದರೆ, ನಾನು ಶಕುನ, ಗಾಳಿ, ಕನಸಿನ ಸೂಚನೆ ಇತ್ಯಾದಿಗಳನ್ನು ನಂಬುತ್ತಿದ್ದವಳಲ್ಲ. ನೆರೆಮನೆಯ ಹೆಂಗಸರು ಅಂಥ ಸಂಗತಿ ಹೇಳಿದಾಗ ತಲೆಯಾಡಿಸಿ ಮನಸ್ಸಿನಲ್ಲೇ ನಕ್ಕಿದ್ದೇನೆ. ಇದುವರೆಗೆ ನಾನು ಬರೆದಿರುವುದು ಊರಿನವರ ಪರವಾಗಿ ಕಚೇರಿಗಳಿಗೆ ಅರ್ಜಿಗಳನ್ನು ಮಾತ್ರ. ಆದಕಾರಣ ಬರವಣಿಗೆಯಲ್ಲಿ ಲೋಪವಿದ್ದರೆ ಮನ್ನಿಸಬೇಕು. ಸಂಗತಿಗೆ ಮಾತ್ರ ನಾನು ಏನನ್ನೂ ಕೂಡಿಸಿಲ್ಲ.

ಎಂಬತ್ತರ ದಶಕದ ಆರಂಭದ ಮಾತು. ತುರುವೇಕೆರೆ ತಾಲ್ಲೂಕಿನಲ್ಲಿ, ಸಂಪಿಗೆಗೆ ಹೋಗುವ ದಾರಿಯ ಹಳ್ಳಿಯೊಂದಕ್ಕೆ ನಾನು ಸೊಸೆಯಾಗಿ ಬಂದು ಕೆಲವು ವರ್ಷಗಳಾಗಿದ್ದವು. ನಮ್ಮದು ಮಣ್ಣುಗೋಡೆಯ ಹೆಂಚಿನ ಮನೆ. ಒಳಕೋಣೆಯ ಮೇಲೆ ಕೊಬ್ಬರಿಯ ಅಟ್ಟ. ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೇರಿಸಿ ಹೆಚ್ಚುಕಡಿಮೆ ಒಂದು ವರ್ಷ ಬಿಟ್ಟರೆ, ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಕಳಚಿಕೊಂಡು ಕೊಬ್ಬರಿಯಾಗುತ್ತದೆ. ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ ಗಟಗಟ ಎಂದು ಒಣಸದ್ದು ಬರಬೇಕು. ನೀರಿನ ಸದ್ದು ಬಂದರೆ ಅದನ್ನು ಮರಳಿ ಅಟ್ಟಕ್ಕೆ ಹಾಕುವುದು ರೂಢಿ.

ಆ ಬೇಸಿಗೆಯಲ್ಲಿ ನಾದಿನಿ ಗಿರಿಜೆಯ ಹೆರಿಗೆ ನಮ್ಮ ಮನೆಯಲ್ಲೇ ಆಗಿತ್ತು. ಬಾಣಂತಿಯನ್ನೂ ಹಸುಗೂಸನ್ನೂ ಸದರಿ ಒಳಕೋಣೆಯಲ್ಲೇ ಮಲಗಿಸಿದ್ದೆವು. ಮೇಲೆ ಕಾಯಿಯ ರಾಶಿ, ಕೆಳಗೆ ಅಗ್ಗಿಷ್ಟಿಕೆ. ಮನೆಯಲ್ಲಿ ಅದಕ್ಕಿಂತ ಬೆಚ್ಚಗಿನ ಜಾಗವಿರಲಿಲ್ಲ. ಮಂಚದ ತಲೆದೆಸೆಯ ಗೋಡೆಯಲ್ಲಿ, ಅಟ್ಟದ ತೊಲೆಯ ಕೆಳಗೆ, ಒಂದು ಕಪ್ಪು ಕಲೆಯಿತ್ತು. ಅಟ್ಟದ ಮನೆಯಲ್ಲಿ ಗೋಡೆ ಕಪ್ಪಾಗಿದ್ದರೆ ಅದು ಹೊಗೆಯದೇ ಎಂದು ನಾವೆಲ್ಲ ಹುಟ್ಟಿನಿಂದ ತಿಳಿದವರು. ಯಾರೂ ಅದರ ಬಗ್ಗೆ ಯೋಚಿಸಿರಲಿಲ್ಲ.

ಒಂದು ಮಧ್ಯಾಹ್ನ ಯಜಮಾನರು ಅಟ್ಟದ ಮೇಲಿಂದ ಕುಕ್ಕೆಗಳಲ್ಲಿ ಕಾಯಿ ಇಳಿಸಿಕೊಡುತ್ತಿದ್ದರು. ನಾನೂ ಅತ್ತೆಯವರೂ ನಡುಮನೆಯಲ್ಲಿ ಕುಳಿತು ಅಲ್ಲಾಡಿಸಿ ನೋಡುತ್ತಿದ್ದೆವು. ಮೊದಲು ಬಂದವೆಲ್ಲ ಚೆನ್ನಾಗಿ ಒಣಗಿದ್ದವು. ಆಮೇಲೆ ಬಂದ ಕುಕ್ಕೆಯಿಂದ ಎತ್ತಿಕೊಂಡ ಕಾಯಿಯಲ್ಲಿ, ಈಗತಾನೇ ಮರದಿಂದ ಕಿತ್ತದ್ದರಂತೆ, ನೀರು ಕುಲುಕಿತು. ಇನ್ನೊಂದನ್ನು ಎತ್ತಿದೆ, ಅದೂ ಹಾಗೆಯೇ. ಆ ಕುಕ್ಕೆಯದನ್ನೆಲ್ಲ ಪಕ್ಕಕ್ಕಿಟ್ಟೆ.

ಅತ್ತೆಯವರು ಅದರಲ್ಲೊಂದನ್ನು ತೆಗೆದು ಅಲ್ಲಾಡಿಸಿದರು. "ಏನೇ ಇದು, ಗಟಗಟ ಅಂತೈತೆ, ಪಕ್ಕಕ್ಯಾಕೆ ಮಡಗಿದ್ದೀಯ? ಕಿವೀಗೆ ಒಸಿ ಎಣ್ಣೆ ಬುಟ್ಕೋ ಹೋಗು."

ಅವರ ಕೈಯಿಂದಲೇ ಈಸಿಕೊಂಡು ಮತ್ತೆ ಅಲ್ಲಾಡಿಸಿದೆ. "ಇಲ್ಲ ಕಣತ್ತೆ, ನೀರೈತೆ" ಎಂದೆ.

ಯಜಮಾನರು ಮೇಲಿಂದ ನಕ್ಕರು. "ಅವು ಗಿರಿಜನ ಮಂಚದ ಮೇಲಿನ ಮೂಲೇವು ಕಣೇ. ಹೋದ್ವರ್ಷ ಎಲ್ಲಕ್ಕಿಂತ ಮೊದ್ಲು ಏರ್ಸಿದ್ದು. ಅದ್ರಲ್ಲಿ ಎಲ್ಲಿಂದ ಬತ್ತದೆ ನೀರು?"

ಆ ಮಾತು ಕೇಳಿದೊಡನೆ ಕೈಯಲ್ಲಿದ್ದ ಕಾಯಿ ಕೆಳಗಿಟ್ಟು ಎದ್ದೆ. ಕಾರಣ ಆಗಲೂ ತಿಳಿದಿರಲಿಲ್ಲ. ಒಳಕೋಣೆಗೆ ಹೋಗಿ, ಆ ಮೂಲೆಯ ಕೆಳಗಿದ್ದ ಗೋಡೆಯ ಕಲೆಯನ್ನು ಬೆರಳಿನಿಂದ ಒರೆಸಿದೆ. ಹೊಗೆಯ ಮಸಿಯಾಗಿದ್ದರೆ ಬೆರಳಿಗೆ ಅಂಟಬೇಕಿತ್ತು; ಅಂಟಲಿಲ್ಲ. ಅಂಥ ಬಿಸಿಲುಗಾಲದಲ್ಲಿ, ಅಗ್ಗಿಷ್ಟಿಕೆಯ ಪಕ್ಕದಲ್ಲಿ, ಆ ಗೋಡೆ ನೀರಿನ ಮಡಕೆಯಂತೆ ತಣ್ಣಗಿತ್ತು.

ಬಾಣಂತಿಯನ್ನು ಕೂಡಲೇ ನಡುಮನೆಗೆ ಕರೆತರಬೇಕೆಂದು ಹಟ ಹಿಡಿದೆ. ಯಜಮಾನರು ಇಳಿದು ಬಂದು ತೊಲೆಯನ್ನು ಗುದ್ದಿ ನೋಡಿ, "ಕಬ್ಬಿಣದಂಗೈತೆ" ಎಂದರು. ಅತ್ತೆಯವರು ಸಿಟ್ಟಾದರು. "ಹಸೀ ಮೈನೋಳ್ನ ಗಾಳಿಗೆ ಎಳೀತೀಯಾ? ಮಗೀಗೆ ಶೀತ ಆಗ್ಲಿ, ನಿನ್ನೇ ಕೇಳ್ತೀನಿ!"

ಕೊನೆಗೆ ಗಿರಿಜೆಯೇ ಮಗುವನ್ನೆತ್ತಿಕೊಂಡು ಎದ್ದಳು. "ಅತ್ಗೆ ಯಾವತ್ತೂ ಹಿಂಗೆ ಹಟ ಮಾಡ್ದೋರಲ್ಲ ಕಣವ್ವ. ಒಂದಿನ ನಡುಮನೇಲೇ ಮನೀಕತ್ತೀನಿ ಬುಡು."

ಈ ಗಲಾಟೆಯಲ್ಲಿ ಕಾಯಿ ಇಳಿಸುವ ಕೆಲಸ ಅರ್ಧಕ್ಕೇ ನಿಂತಿತು. ಮರುದಿನ ಬೆಳಿಗ್ಗೆ ನಾವು ಕಾಫಿ ಕುಡಿಯುತ್ತಿರುವಾಗ, ಗಾಡಿಗಟ್ಟಲೆ ಕಾಯಿ ಸುರಿದಂಥ ಸದ್ದಾಯಿತು. ಧೂಳು ಅಡಗಿದ ಮೇಲೆ ನೋಡಿದರೆ ಅಟ್ಟದ ಆ ಮೂಲೆ ಕೆಳಗೆ ಬಂದಿತ್ತು. ಮಂಚ ಮುರಿದು, ರಾಶಿಯ ಅಡಿಯಲ್ಲಿ ಕಾಣದಂತಾಗಿತ್ತು. ಗಿರಿಜೆ ಮಗುವನ್ನು ಎಷ್ಟು ಬಿಗಿಯಾಗಿ ಅವಚಿಕೊಂಡಳೆಂದರೆ ಅದು ಎಚ್ಚರಗೊಂಡು ಅತ್ತಿತು.

ತೊಲೆಯ ಹೊರಮೈ ಗಟ್ಟಿಯಾಗಿಯೇ ಇತ್ತು. ಗೋಡೆಯೊಳಗೆ ಕುಳಿತಿದ್ದ ತುದಿ ಮಾತ್ರ ನೆನೆದ ಬೆಲ್ಲದಂತೆ ಕೈಗೆ ಬಂತು. ಹೆಂಚೊಂದು ಜರುಗಿ ಹಿಂದಿನ ಮಳೆಗಾಲದ ನೀರೆಲ್ಲ ಅಲ್ಲಿಗಿಳಿದಿತ್ತು. ಹೊರಗೋಡೆಗೆ ಸಿಮೆಂಟು ಬಳಿಸಿದ್ದರಿಂದ ತೇವ ಆರಲು ದಾರಿಯಿರಲಿಲ್ಲ. ಇಷ್ಟು ಅರ್ಥವಾಗುತ್ತದೆ. ಅರ್ಥವಾಗದಿರುವುದು ಇದರ ಮುಂದಿನದು. ನಾನು ಪಕ್ಕಕ್ಕಿಟ್ಟಿದ್ದ ಕಾಯಿಗಳನ್ನು ಅತ್ತೆಯವರು ಅಂದೇ ಸುಲಿಸಿ ಒಡೆಸಿದರು. ಎಲ್ಲವೂ ಒಣ ಕೊಬ್ಬರಿ. ಒಂದು ಹನಿ ನೀರಿರಲಿಲ್ಲ.

ಗಿರಿಜೆಯ ಗಂಡ ತಿಪಟೂರಿನಲ್ಲಿ ಮೇಷ್ಟ್ರು. "ದಿನಾ ಕಲೆ ನೋಡಿದ್ದೀರಲ್ಲ ಅಕ್ಕಾ, ಕಣ್ಣಿಗೆ ಕಂಡಿದ್ದು ಕಿವೀಲಿ ಕೇಳ್ತು ಅಷ್ಟೇ ಕಣ್ರೀ" ಎಂದರು. ಇರಬಹುದು. ಆದರೆ ಯಾವ ಕುಕ್ಕೆ ಯಾವ ಮೂಲೆಯದೆಂದು ಯಜಮಾನರು ಹೇಳುವವರೆಗೂ ನನಗೆ ತಿಳಿದಿರಲಿಲ್ಲವಲ್ಲ ಎಂದೆ. ಅವರು ತಮ್ಮ ಮಗುವನ್ನು ಎತ್ತಿಕೊಂಡರು.

ನನ್ನಲ್ಲಿಯೂ ಇದಕ್ಕೆ ವಿವರಣೆಯಿಲ್ಲ. ಇಲ್ಲವೆಂದೇ ಇಲ್ಲಿ ನಮೂದಿಸುತ್ತಿದ್ದೇನೆ. ಆ ನಂತರ ಅತ್ತೆಯವರು ಇದ್ದಷ್ಟು ಕಾಲವೂ, ಕಾಯಿ ಇಳಿಸಿದಾಗಲೆಲ್ಲ, ತಾವು ನೋಡಿದ ಕಾಯಿಯೊಂದನ್ನು ನನ್ನ ಕಿವಿಯ ಬಳಿ ಹಿಡಿದು ಅಲ್ಲಾಡಿಸಿ, "ಏನಂತದೆ ನೋಡೇ" ಎನ್ನುತ್ತಿದ್ದರು. ಅವರಿಗೆ ಕೇಳಿದ ಒಣಸದ್ದೇ ನನಗೂ ಕೇಳುತ್ತಿತ್ತು. ಆದರೂ ಹಾಗೆಂದು ಹೇಳುವ ಮೊದಲು, ಮನೆಯಲ್ಲಿ ಯಾರು ಎಲ್ಲಿ ಮಲಗಿದ್ದಾರೆಂದು ಒಮ್ಮೆ ತಿರುಗಿ ನೋಡುತ್ತಿದ್ದೆ.